ಶನಿವಾರದ ಏಕಾದಶಿ

ಓರ್ಛಾ ಎಂಬ ಊರಿನ ಹೆಸರನ್ನು ಪುಟ್ಟಲಕ್ಷ್ಮಮ್ಮನವರಿಗೆ ಮೊದಲು ಹೇಳಿದವನು ನಾನೇ. ಆಮೇಲೆ ಆದದ್ದಕ್ಕೆಲ್ಲ ಮೊದಲ ಕಾರಣ ಅದು.

ಅವರು ನಮ್ಮ ತಿರುಮಲೇಶ ರಾವ್ ಮಾಸ್ಟ್ರ ತಾಯಿ. ಮಾಸ್ಟ್ರು ಹಗಲು ಬೊಂಬಾಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ದುಡಿದು, ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಬಾಂದ್ರಾದ ಕನ್ನಡ ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಲೆಕ್ಕ ಕಲಿಸುತ್ತಿದ್ದರು. ನಾನು ಸ್ಟೇಶನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಮೊದಲು ಕಪ್ಪು ತೊಳೆಯುತ್ತ, ಆಮೇಲೆ ಟೇಬಲ್ ಒರೆಸುತ್ತ, ಆಮೇಲೆ ಸಪ್ಲೈ ಮಾಡುತ್ತ ಆ ಶಾಲೆಯಲ್ಲಿ ಒಂಬತ್ತು ವರ್ಷ ಓದಿದೆ. ಎರಡು ಸಲ ಫೇಲಾಗಿ ಮೂರನೆಯ ಸಲ ಎಸ್ಸೆಸ್ಸಿ ಪಾಸಾದಾಗ ನನಗೆ ಇಪ್ಪತ್ತಾರು ವರ್ಷ. ಗೋರೆಗಾಂವಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಅರ್ಜಿಯನ್ನು ತಿದ್ದಿ ಕೊಟ್ಟವರೂ ಮಾಸ್ಟ್ರೇ. ಅಂದಿನಿಂದ ನಾನು ಅವರ ಮುಂದೆ ಯಾವ ಕಾಗದ ಇಟ್ಟರೂ ಮೊದಲು ಮೂರು ಸಲ ಓದಿ ಇಡುತ್ತಿದ್ದೆ.

ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿಗಳದ್ದೊಂದು ಸಂಘವಿತ್ತು. ವರ್ಷಕ್ಕೆರಡು ಸಲ ಪ್ರವಾಸ ಹೋಗುತ್ತಿದ್ದೆವು: ಪವಾಯಿ ಕೆರೆ, ಕಾನ್ಹೇರಿ ಗುಹೆಗಳು, ಒಮ್ಮೆ ದೋಣಿಯಲ್ಲಿ ಘಾರಾಪುರಿ. ಕಾರ್ಯಕ್ರಮ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜಾಣನೆಂದಲ್ಲ. ಏನಾದರೂ ತಪ್ಪೀತು ಎಂಬ ಹೆದರಿಕೆಯಿಂದ ನಾನು ಪ್ರತಿ ಜಾಗಕ್ಕೂ ಮೊದಲೇ ಒಂದು ಭಾನುವಾರ ಒಬ್ಬನೇ ಹೋಗಿ, ನೀರಿದೆಯೇ, ನೆರಳಿದೆಯೇ, ಹೆಂಗಸರಿಗೆ ಕೂರಲು ಜಾಗವಿದೆಯೇ ಎಂದು ನೋಡಿಕೊಂಡು ಬರುತ್ತಿದ್ದೆ. ಅದನ್ನು ಜನ ಜವಾಬ್ದಾರಿ ಎಂದು ತಿಳಿದರು.

ಆ ವರ್ಷ ಸಂಘಕ್ಕೆ ಹತ್ತು ವರ್ಷ ತುಂಬಿತು. ದೂರದ ಪ್ರವಾಸ ಆಗಲಿ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಮಧ್ಯಪ್ರದೇಶ ಎಂಬ ಹೊಸ ರಾಜ್ಯವಾಗಿ ಇನ್ನೂ ಎರಡು ವರ್ಷ ಆಗಿರಲಿಲ್ಲ. ರೈಲ್ವೆಯವರ ಒಂದು ಪುಸ್ತಿಕೆಯಲ್ಲಿ ಝಾನ್ಸಿಯಲ್ಲಿ ಉಳಿದುಕೊಂಡು ಒಂದೊಂದು ದಿನದಲ್ಲಿ ನೋಡಿ ಬರಬಹುದಾದ ಊರುಗಳ ವಿವರವಿತ್ತು: ಓರ್ಛಾ, ದತಿಯಾ, ಬರುವಾಸಾಗರ. ಕೋಟೆ, ಗುಡಿ, ಕೆರೆ, ನದಿ ಎಲ್ಲ ಹತ್ತು ಹದಿನೈದು ಮೈಲಿಯೊಳಗೆ. ನಾನು ಅದನ್ನು ಓದಿ ಹೇಳಿದೆ. ಎಲ್ಲರೂ ಹೂಂ ಅಂದರು. ಮೊದಲೇ ಹೋಗಿ ನೋಡಿ ಬರಲು ಸಾಧ್ಯವಿಲ್ಲದ ಊರು ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಪುಸ್ತಿಕೆಯನ್ನು ಮಾಸ್ಟ್ರಿಗೆ ತೋರಿಸಲು ಅವರ ಬಿಲ್ಡಿಂಗಿಗೆ ಹೋದಾಗ ಅವರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಪುಟ್ಟಲಕ್ಷ್ಮಮ್ಮನವರು ಒಳಗಿನ ಹೊಸ್ತಿಲ ಆಚೆ ಕೂತು ಬತ್ತಿ ಹೊಸೆಯುತ್ತಿದ್ದರು. ಅರವತ್ತೆಂಟು ವರ್ಷದ ವಿಧವೆ. ಕೆಂಪು ಸೀರೆ, ಬರಿಗೈ. ಮಳವಳ್ಳಿ ಕಡೆಯಿಂದ ಬಂದು ನಾಲ್ಕು ವರ್ಷವಾದರೂ ಅವರು ಆ ಎರಡು ಕೋಣೆ ಬಿಟ್ಟು ಹೋದದ್ದು ಕಡಿಮೆ. ಸುಮ್ಮನೆ ಕೂರಲಾರದೆ ನಾನು ಓದಿ ಹೇಳಿದೆ. ಓರ್ಛಾದಲ್ಲಿ ರಾಮ ದೇವರಲ್ಲ, ರಾಜ. ರಾಣಿಯೊಬ್ಬಳು ಅವನನ್ನು ಅಯೋಧ್ಯೆಯಿಂದ ಕರೆತಂದಳಂತೆ. ಅವನಿಗೆಂದು ಕಟ್ಟುತ್ತಿದ್ದ ಗುಡಿ ಮುಗಿದಿರಲಿಲ್ಲವಾಗಿ ತನ್ನ ಅರಮನೆಯಲ್ಲಿ ಕೂರಿಸಿದಳಂತೆ. ಗುಡಿ ಮುಗಿದ ಮೇಲೆ ಎಬ್ಬಿಸಹೋದರೆ ಏಳಲಿಲ್ಲವಂತೆ. ಈಗಲೂ ಪೊಲೀಸರು ಅವನಿಗೆ ಬಂದೂಕು ಹಿಡಿದು ಸಲಾಂ ಹೊಡೆಯುತ್ತಾರಂತೆ.

"ಏಳಲೇ ಇಲ್ವಂತಾ?" ಅಂದರು ಅವರು.

"ಇಲ್ಲವಂತೆ ಅಮ್ಮ."

"ತಂದು ಕೂರಿಸಿದ ಕಡೆ ಕೂತ, ಪಾಪ. ನನ್ನ ಹಾಗೆ." ಬತ್ತಿ ಕೆಳಗಿಟ್ಟು ಕೇಳಿದರು: "ಎಷ್ಟು ದೂರ ಕಣಪ್ಪ ಅದು?"

ಮರುವಾರ ಮಾಸ್ಟ್ರು ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸಿ, "ಅಮ್ಮ ಓರ್ಛಾಕ್ಕೆ ಬರ್ತೀನಿ ಅಂತ ಹಟ ಹಿಡಿದಿದ್ದಾರೆ. ಕಾಶಿಗೆ ಬಾ ಅಂದ್ರೆ ಬರಲಿಲ್ಲ, ಪಂಢರಪುರಕ್ಕೆ ಬಾ ಅಂದ್ರೆ ಬರಲಿಲ್ಲ. ಏನು ಹೇಳಿದೆಯೋ ನೀನು?" ಎಂದು ಕೇಳಿದರು. ನಗುತ್ತಿದ್ದರು, ಆದರೆ ಅವರಿಗೊಂದು ಚಿಂತೆಯಿತ್ತು. ಅದು ನನಗೂ ಗೊತ್ತಿತ್ತು.

ಅವರು ಮಾಧ್ವರು. ಅಮ್ಮ ಏಕಾದಶಿಯ ದಿನ ನೀರನ್ನೂ ಮುಟ್ಟದೆ ಉಪವಾಸ ಮಾಡುತ್ತಿದ್ದರು. ಹಿಂದಿನ ವರ್ಷ ಅಂಥದೊಂದು ದಿನ ನಲ್ಲಿಯ ಹತ್ತಿರ ತಲೆ ತಿರುಗಿ ಬಿದ್ದು, ಹಣೆ ಒಡೆದು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಇನ್ನೊಮ್ಮೆ ಹೀಗಾದರೆ ಎದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಏಕಾದಶಿಗೆ ಹಣ್ಣು ಹಾಲು ತೆಗೆದುಕೊಳ್ಳುತ್ತೇನೆಂದು ಮಾಸ್ಟ್ರು ಅವರಿಂದ ಮಾತು ತೆಗೆದುಕೊಂಡಿದ್ದರು. ಆ ದಿನ ಆಫೀಸಿಗೆ ರಜೆ ಹಾಕಿ, ಅಮ್ಮ ಹಾಲು ಕುಡಿಯುವುದನ್ನು ಎದುರಿಗೆ ಕೂತು ನೋಡುತ್ತಿದ್ದರು. ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ.

"ನಮ್ಮ ಪ್ರವಾಸದ ನಡುವೆ ಏಕಾದಶಿ ಬರೋದಾದ್ರೆ ಆವತ್ತು ಅಮ್ಮನನ್ನ ಎಲ್ಲಿಗೂ ಕರ್ಕೊಂಡು ಹೋಗಕೂಡದು. ನೋಡಿ ಬರಿ" ಎಂದರು.

ನಾನು ನೋಡಿಯೇ ಬರೆದೆ. ನನ್ನ ಹಳೆಯ ಹೋಟೆಲಿನ ಗಲ್ಲಾದ ಹಿಂದಿನ ಗೋಡೆಯ ಮೇಲೆ ಮರಾಠಿ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಏಕಾದಶಿ ಶನಿವಾರ. ನಾವು ಝಾನ್ಸಿ ಮುಟ್ಟುವ ಮರುದಿನ. ಹಾಗಾಗಿ ಶನಿವಾರವನ್ನು ವಿಶ್ರಾಂತಿಗೆ ಇಟ್ಟೆ. ಬೇಕಾದವರು ಊರೊಳಗೆ ತಿರುಗಾಡಿ ಕೋಟೆ ನೋಡಬಹುದು. ಭಾನುವಾರ ಓರ್ಛಾ. ಬೇರೆ ದಿನಗಳಲ್ಲಿ ಬಸ್ಸು ರೂಟಿಗೆ ಹೋಗುತ್ತಿದ್ದುದರಿಂದ ನಮಗೆ ಭಾನುವಾರ ಮಾತ್ರ ಕೊಡುತ್ತೇನೆಂದು ಝಾನ್ಸಿಯ ಬಸ್ಸಿನವನು ಕಾರ್ಡು ಬರೆದಿದ್ದ. ಸೋಮವಾರ ರೈಲಿನಲ್ಲಿ ದತಿಯಾ, ಸಂಜೆ ಬೊಂಬಾಯಿ ಮೇಲ್ ಗಾಡಿ. ಎಲ್ಲ ಒಂದಕ್ಕೊಂದು ಕೂಡಿ ಬಂದಾಗ ನನಗೆ ಸಂತೋಷವಾಯಿತು. ಸಂಘದ ಗೆಳೆಯ ಪೂವಪ್ಪ ತಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿಕೊಟ್ಟ. 'ಶನಿವಾರ: ಏಕಾದಶಿ. ಉಪವಾಸದವರಿಗೆ ಹಣ್ಣು, ಹಾಲಿನ ವ್ಯವಸ್ಥೆ ಇದೆ.' ಆ ಸಾಲು ನನಗೆ ಬಹಳ ಮೆಚ್ಚಿಗೆಯಾಗಿತ್ತು ಎಂದು ಒಪ್ಪಿಕೊಳ್ಳಬೇಕು. ನಾನು ಕಾರ್ಕಳದ ಹತ್ತಿರದ ಬಿಲ್ಲವರವನು. ನಮ್ಮಲ್ಲಿ ಏಕಾದಶಿ ಇಲ್ಲ. ಆದರೂ ನೆನಪಿಟ್ಟು ಮಾಡಿದೆ ಎಂಬ ಭಾವನೆ.

ಅಚ್ಚಾದ ಕಾಗದ ಹಿಡಿದು ಮಾಸ್ಟ್ರ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ಮಾಸ್ಟ್ರು ಒಳಗೆ ತಿರುಗಿ, "ಅಮ್ಮ, ಶನಿವಾರ ಸರಿನಾ?" ಎಂದು ಕೇಳಿದರು.

ಒಳಗೆ ಲೋಟವೊಂದನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಸರಿ ಕಣೋ" ಎಂದರು.

ಹದಿನೇಳು ಜನ ಹೊರಟೆವು. ಅಡಿಗೆಗೆ ನಮ್ಮ ಹೋಟೆಲಿನ ಅಣ್ಣು ಭಟ್ಟರು ಬಂದರು. ಪುಟ್ಟಲಕ್ಷ್ಮಮ್ಮನವರು ಬೇರೆಯವರ ಕೈಯದ್ದು ಉಣ್ಣುತ್ತಿರಲಿಲ್ಲ, ಭಟ್ಟರದ್ದು ಆಗುತ್ತಿತ್ತು. ರೈಲಿನಲ್ಲಿ ಆಕೆ ಬಾಳೆಹಣ್ಣು ಬಿಟ್ಟು ಏನೂ ಮುಟ್ಟಲಿಲ್ಲ. ಕಿಟಕಿ ಬಿಟ್ಟು ಏಳಲೂ ಇಲ್ಲ. ಶುಕ್ರವಾರ ಸಂಜೆ ಝಾನ್ಸಿಯ ಧರ್ಮಶಾಲೆಯಲ್ಲಿ ಸ್ನಾನ ಮಾಡಿ ಭಟ್ಟರ ಅನ್ನ ಸಾರು ಉಂಡರು. ಶನಿವಾರ ಮಾಸ್ಟ್ರು ಎದುರಿಗೆ ಕೂತು ಅವರಿಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟರು. ನಾನು ದೂರದಿಂದ ನೋಡಿ ನೆಮ್ಮದಿ ಪಟ್ಟೆ.

ಆ ಸಂಜೆ ಐದು ಗಂಟೆಗೆ ನಾನು ಮರುದಿನದ ಬುತ್ತಿಯ ವಿಷಯ ಮಾತಾಡಲು ಅಡಿಗೆ ಮಾಡುವ ಜಾಗಕ್ಕೆ ಹೋದೆ. ಅಣ್ಣು ಭಟ್ಟರು ಹಿತ್ತಲಿನಲ್ಲಿ ಒಲೆಯ ಬೂದಿ ತೆಗೆಯುತ್ತಿದ್ದರು.

"ಹೌದಾ ಕಾಂತಪ್ಪ, ಆ ಅಮ್ಮ ಎಂಥ ಇವತ್ತು ಊಟಕ್ಕೆ ಬರಲಿಲ್ಲ? ಹುಷಾರಿಲ್ವಾ?"

"ಏಕಾದಶಿ ಅಲ್ವಾ ಭಟ್ರೇ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಏಕಾದಶಿ ನಾಳೆ ಮಾರಾಯ."

"ಕ್ಯಾಲೆಂಡರಿನಲ್ಲಿ ಇವತ್ತು ಉಂಟು."

"ಅದು ಸ್ಮಾರ್ತರದ್ದು. ಬೆಳಗಿನ ಜಾವಕ್ಕೆ ದಶಮಿ ತಾಗಿದ್ರೆ ನಮಗೆ ಮಾಧ್ವರಿಗೆ ಆಗೂದಿಲ್ಲ, ಮರುದಿನ ಮಾಡೂದು. ನಮಗಿವತ್ತು ದಶಮಿ. ನಾನು ಮಧ್ಯಾಹ್ನ ಒಂದು ಹೊತ್ತು ಸರಿಯಾಗಿ ಉಂಡಿದ್ದೇನೆ, ನಾಳೆಗೆ ಬೇಕಲ್ಲ. ಅವರೂ ಉಣ್ಣಬೇಕಿತ್ತು."

"ನೀವು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದುಂಟಾ? ಪ್ರಿಂಟ್ ಮಾಡಿ ಹಂಚಿದ್ರಿ. ಪಾಸಾದವರು ಪ್ರಿಂಟ್ ಮಾಡಿದ್ದಕ್ಕೆ ಅಡಿಗೆಯವ ಬಾಯಿ ಹಾಕೂದಾ?" ಎಂದು ಬೂದಿಯ ಡಬ್ಬ ಎತ್ತಿಕೊಂಡು ಹೋದರು.

ಆಕೆ ಶುಕ್ರವಾರ ಸಂಜೆ ಉಂಡದ್ದು. ಉಣ್ಣಬೇಕಾದ ದಿನ ನನ್ನ ಕಾಗದ ಅವರನ್ನು ಉಪವಾಸ ಕೂರಿಸಿತ್ತು. ನಿಜವಾದ ಏಕಾದಶಿಯ ದಿನ ಅವರನ್ನು ಬಿಸಿಲಲ್ಲಿ ಓರ್ಛಾಕ್ಕೆ ಕರೆದುಕೊಂಡು ಹೋಗುವುದಿತ್ತು. ತಪ್ಪಾದರೆ ಮೊದಲು ಬಾಯಿಬಿಟ್ಟು ಹೇಳು, ಆಮೇಲೆ ತಿದ್ದು ಎಂದು ಮಾಸ್ಟ್ರು ಕ್ಲಾಸಿನಲ್ಲಿ ಹೇಳುತ್ತಿದ್ದರು. ಅವರನ್ನು ಹುಡುಕಿಕೊಂಡು ಹೊರಟೆ.

ಅವರು ಉಳಿದವರೊಡನೆ ಪೇಟೆಗೆ ಹೋಗಿದ್ದರು. ಜಗಲಿಯ ತುದಿಯಲ್ಲಿ ಪುಟ್ಟಲಕ್ಷ್ಮಮ್ಮನವರು ಒಬ್ಬರೇ ಗೋಡೆಗೆ ಒರಗಿ ಜಪಸರ ಹಿಡಿದು ಕೂತಿದ್ದರು.

"ಅಮ್ಮ, ಒಂದು ದೊಡ್ಡ ತಪ್ಪಾಗಿದೆ. ಇವತ್ತು ದಶಮಿಯಂತೆ."

"ಗೊತ್ತು ಕಣಪ್ಪ."

"ನಾಳೆ ಏಕಾದಶಿಯಂತೆ."

"ಅದೂ ಗೊತ್ತು. ಮೆತ್ತಗೆ ಮಾತಾಡು."

ನಾನು ಕೆಳಗಿನ ಮೆಟ್ಟಲ ಮೇಲೆ ಕೂತೆ.

"ಯಾವಾಗ ಗೊತ್ತಾಯಿತು?"

"ನೀನು ಮನೆಗೆ ಬಂದು ಓದಿದೆಯಲ್ಲ, ಆವತ್ತೇ. ನಮ್ಮ ಮಠದ ಪಂಚಾಂಗ ನನಗೆ ಬಾಯಿಪಾಠ."

"ಆದರೆ ಮಾಸ್ಟ್ರು ಕೇಳಿದಾಗ ಸರಿ ಅಂದಿರಿ."

"ಇಲ್ಲ ಅಂದಿದ್ರೆ ಏನು ಮಾಡ್ತಿದ್ದೆ ನೀನು?"

ಯೋಚಿಸಿ ನೋಡಿದೆ. ಭಾನುವಾರ ವಿಶ್ರಾಂತಿ ಬರೆಯುತ್ತಿದ್ದೆ. ಬಸ್ಸು ಭಾನುವಾರ ಮಾತ್ರ. "ಓರ್ಛಾ ಬಿಟ್ಟುಹೋಗುತ್ತಿತ್ತು" ಎಂದೆ.

"ನಿಮಗೆ ಬಿಟ್ಟುಹೋಗ್ತಿರಲಿಲ್ಲ. ನನಗೊಬ್ಬಳಿಗೆ." ಅವರು ಸರವನ್ನು ಮಡಿಲಿಗೆ ಹಾಕಿಕೊಂಡರು. "ನೋಡು, ತಿರುಮಲೇಶನಿಗೆ ಹೇಳ್ಬೇಡ. ಹೇಳಿದ್ರೆ ನನ್ನನ್ನ ಇಲ್ಲೇ ಕೂರಿಸ್ತಾನೆ, ತಾನೂ ಎದುರಿಗೆ ಕೂತ್ಕೋತಾನೆ. ಅವನಪ್ಪನೂ ಹಾಗೇ. ಜೋಪಾನ ಮಾಡಿ ಮಾಡಿ ಒಂದು ಊರಿಗೂ ಕರ್ಕೊಂಡು ಹೋಗ್ಲಿಲ್ಲ. ಹುಟ್ಟಿದ್ದಕ್ಕೆ ಒಂದು ಸಲ ನಾನೇ ಆರಿಸಿಕೊಂಡ ಕಡೆ ಹೋಗಿ ಬರ್ತೀನಿ."

"ಹಾಗಾದರೆ ನಾಳೆ ಹಾಲಾದರೂ ಕುಡಿಯಬೇಕು ಅಮ್ಮ."

"ಅವನ ಏಕಾದಶಿಗೆ ಇವತ್ತು ಹಾಲು ಕುಡಿದಾಯ್ತಲ್ಲ. ನನ್ನ ಏಕಾದಶಿಗೆ ನೀರೂ ಬೇಡ." ನಕ್ಕರು. ನನಗೆ ನಗು ಬರಲಿಲ್ಲ.

"ಡಾಕ್ಟರು ಏನು ಹೇಳಿದ್ದಾರೆ ಗೊತ್ತಿದೆಯಲ್ಲ?"

"ಡಾಕ್ಟರು ಹೇಳಿದ್ದು ಬಿದ್ರೆ ಅಂತ. ನೀನು ಪಕ್ಕದಲ್ಲೇ ಇರು. ತಲೆ ತಿರುಗಿದ್ರೆ ಹೇಳ್ತೀನಿ."

ನಾನು ಆಗಲಿ ಎಂದೆನೋ, ತಲೆಯಾಡಿಸಿದೆನೋ, ಈಗ ಸರಿಯಾಗಿ ನೆನಪಿಲ್ಲ. ಮಾಸ್ಟ್ರು ಪೇಟೆಯಿಂದ ಬಂದರು. ನಾನು ಹೇಳಲಿಲ್ಲ. ಅದು ಮಾತ್ರ ಖಂಡಿತ.

ಭಾನುವಾರ ನಸುಕಿನಲ್ಲೇ ಬಸ್ಸು ತರಲು ಮಾಸ್ಟ್ರೂ ಪೂವಪ್ಪನೂ ಹೋಗಿದ್ದಾಗ ನಾನು ಅಚ್ಚಾದ ಕಾರ್ಯಕ್ರಮವನ್ನು ಬಿಡಿಸಿ ಯೋಚಿಸಿದೆ. ಅದರ ಪ್ರಕಾರ ಮೊದಲು ನದಿಯಾಚೆಯ ಅರಮನೆ, ಜಹಾಂಗೀರ್ ಮಹಲು. ಹನ್ನೊಂದು ಗಂಟೆಗೆ ರಾಮನ ದರ್ಶನ. ಆಮೇಲೆ ಬೇತ್ವಾ ದಂಡೆಯಲ್ಲಿ ಊಟ. ಮಹಲಿನ ಮೆಟ್ಟಲುಗಳನ್ನು ಹತ್ತಿಳಿದ ಮೇಲೆ ಆಕೆ ದೇವರ ತನಕ ತಲುಪುವುದು ನನಗೆ ಕಾಣಲಿಲ್ಲ. ಮಧ್ಯಾಹ್ನ ಗುಡಿಯ ಬಾಗಿಲು ಹಾಕಿದರೆ ಸಂಜೆಯವರೆಗೆ ತೆರೆಯುವುದಿಲ್ಲ. ನಮ್ಮ ಬಸ್ಸು ನಾಲ್ಕಕ್ಕೆ ಹಿಂದಿರುಗಬೇಕು. ಓರ್ಛಾದಲ್ಲಿ ಬಸ್ಸು ನಿಂತಾಗ ಒಂಬತ್ತು ದಾಟಿತ್ತು. ನಾನು ಮುಂದೆ ನಿಂತು, "ಮೊದಲು ದೇವಸ್ಥಾನ, ಆಮೇಲೆ ಕೋಟೆ" ಎಂದೆ.

ಎಲ್ಲರಿಗಿಂತ ಮೊದಲು ಎದ್ದವನು ಶಂಕ್ರೆಪ್ಪ. ಧಾರವಾಡ ಕಡೆಯವನು, ಗಿರಣಿಯಲ್ಲಿ ಕೆಲಸ, ಕೋಟೆಗಳ ಹುಚ್ಚು. "ಏನ್ರೀ ಇದು? ಪ್ರಿಂಟ್ ಮಾಡಿದ್ದ ಬ್ಯಾರೆ, ಮಾಡೂದ ಬ್ಯಾರೆ? ಬಿಸಲ ಏರಿದ ಮ್ಯಾಲೆ ಕ್ವಾಟಿ ಹತ್ತಸ್ತೀರಿ?"

"ಸ್ವಲ್ಪ ಬದಲಾವಣೆ ಶಂಕ್ರೆಪ್ಪ."

"ಯಾಕ್ ಬದಲಾವಣಿ? ಕಾರಣ ಹೇಳ್ರಿ. ನೀವಾ ಅಲ್ಲೇನ್ರಿ ಹೋದ ಸಲ ಪವಾಯಿಯೊಳಗ ಐದ್ ನಿಮಿಷ ತಡಾ ಆತಂತ ನನ್ನ ಬಿಟ್ಟು ಹೊಂಟವ್ರು?"

ಎಲ್ಲರೂ ನಕ್ಕರು. ಪೂವಪ್ಪನ ಹೆಂಡತಿ ಶೀಲಾವತಿ, "ಕಾಂತಪ್ಪಣ್ಣ ರಾತ್ರಿ ನಿದ್ದೆ ಮಾಡಲಿಲ್ಲ ಕಾಣ್ತದೆ, ಮುಖ ನೋಡಿ" ಎಂದಳು. ಕಾರಣ ಹೇಳಲಾಗದೆ ನಾನು, "ದೇವರನ್ನು ನೋಡಿ ಆಮೇಲೆ ರಾಜರ ಮನೆ ನೋಡುವುದು ಒಳ್ಳೆಯದು" ಎಂದೇನೋ ಹೇಳಿದೆ.

"ಇಲ್ಲೆ ದೇವರಾ ರಾಜ ಅಂತ ನೀವಾ ಹೇಳಿದ್ರಿ" ಎಂದು ಶಂಕ್ರೆಪ್ಪ ಗೊಣಗುತ್ತ ಇಳಿದ.

ಬಸ್ಸು ನಿಲ್ಲುವಲ್ಲಿಂದ ಗುಡಿಗೆ ದೂರವೇನಿಲ್ಲ. ಸಣ್ಣ ಪೇಟೆಯ ನಡುವೆ ಒಂದು ಬೀದಿ. ಎಡಬಲಕ್ಕೆ ಪೇಡೆ, ಹೂವು, ಹಿತ್ತಾಳೆ ಸಾಮಾನಿನ ಅಂಗಡಿಗಳು. ಮೇಲೆ ನೋಡಿದರೆ ಚತುರ್ಭುಜ ದೇವಾಲಯದ ಎತ್ತರದ ಗೋಪುರಗಳು. ರಾಮನಿಗೆಂದು ಕಟ್ಟಿದ್ದು, ಅವನು ಹೋಗದೆ ಉಳಿದದ್ದು ಅದು. ನಾನು ಅಮ್ಮನ ಎಡಗಡೆ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಅವರು ನಿಂತರು. ಅಂಗಡಿಯೊಂದರ ಕಂಬವನ್ನು ಹಿಡಿದುಕೊಂಡರು. ತುಟಿ ಒಣಗಿ ಬಿಳಿಚಿತ್ತು.

ಮುಂದೆ ಹೋಗಿದ್ದ ಮಾಸ್ಟ್ರು ತಿರುಗಿ ನೋಡಿ ಓಡಿ ಬಂದರು. ಹೆಗಲ ಚೀಲದಿಂದ ಹಿತ್ತಾಳೆ ಚೊಂಬು ತೆಗೆದರು. "ಅಮ್ಮ, ಒಂದು ಗುಟುಕು ಕುಡಿ."

"ಆಮೇಲೆ ಕಣೋ."

"ಆಮೇಲೆ ಏನು? ಬೆಳಿಗ್ಗೆ ಪಾರಣೆ ಸರಿಯಾಗಿ ಆಯ್ತಾ ಇಲ್ವಾ?" ಏಕಾದಶಿಯ ಮರುಬೆಳಿಗ್ಗೆ ಉಪವಾಸ ಮುರಿಯುವ ಊಟ ಅದು. ಅಮ್ಮ ಕಂಬದ ಕಡೆ ಮುಖ ಮಾಡಿದರು. ಮಾಸ್ಟ್ರು ನನ್ನ ಕಡೆ ತಿರುಗಿದರು. "ಕಾಂತಪ್ಪ, ನಾನು ಬಸ್ಸಿಗೆ ಹೋಗಿದ್ದೆ. ನೀನಿದ್ದೆಯಲ್ಲ. ಅಮ್ಮ ಊಟ ಮಾಡಿದ್ರಾ?"

ಗುಡಿಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಇಲ್ಲ ಎಂದಿದ್ದರೆ ಅವರು ಅಮ್ಮನನ್ನು ಅಲ್ಲಿಂದಲೇ ಬಸ್ಸಿಗೆ ತಿರುಗಿಸುತ್ತಿದ್ದರು.

"ಮಾಡಿದ್ದಾರೆ ಮಾಸ್ಟ್ರೇ" ಎಂದೆ. "ಭಟ್ಟರು ಐದೂವರೆಗೇ ಎದ್ದು ಬಡಿಸಿದರು. ಅನ್ನ, ಬೇಳೆ ಸಾರು, ಮೊಸರು. ಎರಡು ಸಲ ಮೊಸರು ಹಾಕಿಸಿಕೊಂಡರು. ದರ್ಶನ ಆಗುವ ತನಕ ನೀರು ಬೇಡ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದಾರಂತೆ."

ಮಾಸ್ಟ್ರ ಮುಖ ಸಡಿಲವಾಯಿತು. ಚೊಂಬು ಒಳಗಿಟ್ಟರು. "ಸರಿ, ನಿಧಾನ ಬನ್ನಿ" ಎಂದು ಅಮ್ಮನ ಒಂದು ತೋಳು ಹಿಡಿದರು. ಇನ್ನೊಂದು ಬದಿಗೆ ನಾನು ಮುಟ್ಟದೆ, ಆದರೆ ಬಿದ್ದರೆ ಹಿಡಿಯುವಷ್ಟು ಹತ್ತಿರ ನಡೆದೆ. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಬೇಳೆ ಸಾರಿನ ವಾಸನೆ ಕೂಡ ಬಂದ ಹಾಗಿತ್ತು.

ಅದು ಗುಡಿಯ ಹಾಗಿಲ್ಲ. ದೊಡ್ಡ ಮನೆಯ ಅಂಗಳದ ಹಾಗಿದೆ. ಬಾಗಿಲಲ್ಲಿ ಪೊಲೀಸಿನವನೊಬ್ಬ ಬಂದೂಕು ಹಿಡಿದು ನಿಂತಿದ್ದ. ಪುಟ್ಟಲಕ್ಷ್ಮಮ್ಮನವರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಅವನು ಇರುವುದು ನಿಜವೇ ಎಂದು ಪರೀಕ್ಷಿಸುವ ಹಾಗೆ. ಒಳಗೆ ಭಾನುವಾರದ ಜನ. ಹೆಂಗಸರ ಸಾಲಿನಲ್ಲಿ ಶೀಲಾವತಿ ಅವರ ಹಿಂದೆ ನಿಂತಳು. ನಾನು ಗಂಡಸರ ಕಡೆಯಿಂದ ಅವರ ತಲೆಯ ಮೇಲಿನ ಕೆಂಪು ಸೆರಗನ್ನಷ್ಟೇ ನೋಡುತ್ತಿದ್ದೆ. ರಾಮನನ್ನು ನಾನು ಸರಿಯಾಗಿ ನೋಡಲಿಲ್ಲ. ನೋಡಿದವರೆಲ್ಲ ಚೆನ್ನಾಗಿದ್ದಾನೆ ಎಂದರು.

ಕೆಂಪು ಸೆರಗು ಮುಂದೆ ಹೋಗಿ ನಿಂತಿತು. ಹಿಂದಿನವರು ತಳ್ಳಿದರೂ ಅದು ಅಲ್ಲಾಡಲಿಲ್ಲ. ಪೂಜಾರಿ ಏನೋ ಹೇಳಿದ. ಶೀಲಾವತಿ ಹಿಂದಿಯಲ್ಲಿ, "ಬುಢ್ಢಿ ಹೈ, ಬಂಬಯಿ ಸೆ ಆಯೀ ಹೈ" ಎಂದು ಕೂಗಿದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅವರು ಪಕ್ಕಕ್ಕೆ ಸರಿದರು. ಕೊಟ್ಟ ತೀರ್ಥವನ್ನು ಕುಡಿಯದೆ ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಂಡ ಹಾಗೆ ಕಂಡಿತು.

ಹೊರಗಿನ ಅಂಗಳದ ಕಟ್ಟೆಯ ನೆರಳಲ್ಲಿ ಅವರು ಕೂತರು. ಕೂತ ಮೇಲೆ ಏಳಲು ಆಗುವುದಿಲ್ಲ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಮಾಸ್ಟ್ರು ಚಪ್ಪಲಿ ತರಲು ಹೋಗಿದ್ದರು.

"ಹೇಗಿದ್ದಾನೆ ಅಮ್ಮ ರಾಜ?" ಎಂದು ಕೇಳಿದೆ.

"ಚಿಕ್ಕವನು. ನಾನು ದೊಡ್ಡದಾಗಿ ಅಂದ್ಕೊಂಡಿದ್ದೆ." ಉಸಿರು ತೆಗೆದುಕೊಂಡು ಹೇಳಿದರು: "ಕೂತಿರೋದು ಮಾತ್ರ ಚೆನ್ನಾಗಿ ಕೂತಿದ್ದಾನೆ. ಏಳ್ಬೇಕು ಅನ್ನೋ ಹಾಗೆ ಇಲ್ಲವೇ ಇಲ್ಲ."

"ಏನು ಕೇಳಿಕೊಂಡಿರಿ?"

"ಏನೂ ಇಲ್ಲ. ನೋಡೋಕೆ ಬಂದೆ, ನೋಡ್ದೆ."

"ಈಗ ಮಾಸ್ಟ್ರಿಗೆ ಹೇಳುತ್ತೇನೆ ಅಮ್ಮ."

"ಯಾಕೆ? ನಾಳೆ ಬೆಳಿಗ್ಗೆ ಉಂಡ್ರೆ ಮುಗೀತಲ್ಲ. ಸುಮ್ಮನೆ ಮಾತು ಕೇಳ್ತೀಯ."

"ನೀವು ಇನ್ನು ನಡೆಯುವ ಹಾಗಿಲ್ಲ. ಅವರಿಗೆ ಗೊತ್ತಿರಬೇಕು."

ಅವರು ಕಣ್ಣು ಮುಚ್ಚಿಕೊಂಡು, "ನಿನ್ನಿಷ್ಟ" ಎಂದರು.

ಚಪ್ಪಲಿ ಕಾಯುವವನ ಹತ್ತಿರ ಮಾಸ್ಟ್ರು ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಕ್ಯಾಲೆಂಡರು, ಭಟ್ಟರು, ನಿನ್ನೆ ಸಂಜೆ ಅಮ್ಮನ ಜತೆ ಆಡಿದ ಮಾತು, ಬೆಳಿಗ್ಗೆ ಅನ್ನವೂ ಇರಲಿಲ್ಲ ಮೊಸರೂ ಇರಲಿಲ್ಲ ಎಂಬುದು. ಅಮ್ಮ ಬೇಡವೆಂದದ್ದನ್ನು ಹೇಳುವಾಗ ಅದು ತಪ್ಪಿಸಿಕೊಳ್ಳುವ ಮಾತಿನ ಹಾಗೆ ಕೇಳಿಸಿತು. ಹೇಳದಿದ್ದರೂ ಸುಳ್ಳಾಗುತ್ತಿತ್ತು.

"ಶುಕ್ರವಾರ ಸಂಜೆಯಿಂದ?" ಎಂದು ಕೇಳಿದರು.

"ಹೌದು ಮಾಸ್ಟ್ರೇ. ನಿನ್ನೆಯ ಹಣ್ಣು ಹಾಲು ಬಿಟ್ಟರೆ."

"ಅವರು ಆ ಬೀದಿಯಲ್ಲಿ ಬಿದ್ದಿದ್ರೆ?"

ಮಾಸ್ಟ್ರು ಬೈದಿದ್ದರೆ ಚೆನ್ನಾಗಿತ್ತು. ಅಮ್ಮನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಅಂಗಳದ ಕಡೆ ನಡೆದುಬಿಟ್ಟರು. ಅಮ್ಮನ ಪಕ್ಕದಲ್ಲಿ ಕೂತರು. ಅಲ್ಲಿ ಏನು ಮಾತಾಯಿತೋ ಕೇಳಿಸಲಿಲ್ಲ. ಅಮ್ಮ ಒಮ್ಮೆ ಕೈ ಜಾಡಿಸಿದ್ದು ಕಂಡಿತು.

ಉಳಿದವರನ್ನು ನಾನು ಅರಮನೆಗೆ ಕರೆದುಕೊಂಡು ಹೋದೆ. ಬರೆದಿದ್ದನ್ನೆಲ್ಲ ತೋರಿಸಿದೆ. ಸೇತುವೆ, ರಾಜಮಹಲು, ಜಹಾಂಗೀರ್ ಮಹಲು. ಶಂಕ್ರೆಪ್ಪ ಬಿಸಿಲನ್ನು ಮರೆತು ಆನೆಗಳ ಕೆತ್ತನೆ ಎಣಿಸುತ್ತ ನಿಂತ. ಮೇಲಿನ ಜಾಲಂಧ್ರದಿಂದ ನೋಡಿದರೆ ಒಂದು ಕಡೆ ಬೇತ್ವಾ, ಕಲ್ಲುಗಳ ನಡುವೆ ತಿಳಿಯಾದ ನೀರು, ದಂಡೆಯಲ್ಲಿ ರಾಜರ ಸಮಾಧಿಗಳ ಸಾಲು. ಇನ್ನೊಂದು ಕಡೆ ಊರು. ಎಲ್ಲರೂ ನದಿಯನ್ನು ನೋಡಿದರು. ನಾನು ಊರಿನ ಕಡೆಯ ಕಿಂಡಿಯಲ್ಲಿ ನಿಂತೆ. ಗುಡಿಯ ಅಂಗಳ ಮರೆಯಾಗಿತ್ತು. ಏನೂ ಕಾಣಲಿಲ್ಲ.

ನಾವು ಹಿಂದಿರುಗಿದಾಗ ಇಬ್ಬರೂ ಅದೇ ಕಟ್ಟೆಯ ಮೇಲಿದ್ದರು. ಅಮ್ಮ ಮಗನ ಮಡಚಿದ ಕೋಟಿನ ಮೇಲೆ ತಲೆಯಿಟ್ಟು ಮಲಗಿದ್ದರು. ಮಾಸ್ಟ್ರು ಅಚ್ಚಾದ ಕಾರ್ಯಕ್ರಮದ ಕಾಗದದಿಂದ ಅವರಿಗೆ ಗಾಳಿ ಹಾಕುತ್ತಿದ್ದರು. ಅವರೂ ಏನೂ ತಿಂದಿರಲಿಲ್ಲ. ಬುತ್ತಿಯ ಮೊಸರನ್ನವನ್ನು ಶೀಲಾವತಿ ಕೊಡಲು ಹೋದರೆ ಬೇಡವೆಂದರು. ಮಾಸ್ಟ್ರು ಏಕಾದಶಿ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಸ್ಸನ್ನು ಗುಡಿಯ ಹತ್ತಿರಕ್ಕೆ ತರಿಸಿ ಅಮ್ಮನನ್ನು ಹತ್ತಿಸಿದರು.

ಸೋಮವಾರ ಬೆಳಕು ಹರಿಯುವ ಮೊದಲೇ ಅಣ್ಣು ಭಟ್ಟರು ಒಲೆ ಹಚ್ಚಿದ್ದರು. ಮಾಸ್ಟ್ರು ಒದ್ದೆ ಪಂಚೆಯಲ್ಲಿ ಚಳಿಗೆ ನಡುಗುತ್ತ ಬಾವಿಯಿಂದ ನೀರು ಸೇದಿ ಒಳಗೆ ಒಯ್ದರು. ನಾನು ಹೊರಗೆ ಕಂಬದ ಹತ್ತಿರ ನಿಂತಿದ್ದೆ. ನನ್ನನ್ನು ಯಾರೂ ಕರೆದಿರಲಿಲ್ಲ, ಮಲಗಲೂ ಆಗಿರಲಿಲ್ಲ. ತಾಯಿ ಮಗ ಎದುರುಬದುರಾಗಿ ಕೂತು ಉಂಡರು. ಅಮ್ಮ ಸಾರು ಇನ್ನಷ್ಟು ಹಾಕಿಸಿಕೊಂಡ ಸದ್ದು ಕೇಳಿದ ಮೇಲೆ ನಾನು ಅಲ್ಲಿಂದ ಸರಿದೆ.

ಅವರಿಬ್ಬರೂ ದತಿಯಾಕ್ಕೆ ಬರಲಿಲ್ಲ. ಏಳು ಅಂತಸ್ತಿನ ಅರಮನೆಯನ್ನು ನಾವು ಹದಿನೈದು ಜನ ನೋಡಿ ಬಂದೆವು. ಸಂಜೆ ರೈಲು ಹತ್ತಿದ ಮೇಲೂ ಮಾಸ್ಟ್ರು ನನ್ನೊಡನೆ ಮಾತಾಡಲಿಲ್ಲ. ಎಲ್ಲರ ಟಿಕೇಟು ನನ್ನಲ್ಲಿತ್ತು. ಬೇಕಾದಾಗ ಪೂವಪ್ಪನ ಕೈಯಲ್ಲಿ ಕೇಳಿಸಿದರು. ಪುಟ್ಟಲಕ್ಷ್ಮಮ್ಮನವರು ಮಾತ್ರ ಕಿಟಕಿಯಿಂದ ತಿರುಗಿ, "ಆ ಇನ್ನೊಂದು ಊರು ಹೇಗಿತ್ತೋ ಕಾಂತಪ್ಪ, ಹೇಳು" ಎಂದು ಕೇಳಿ ದತಿಯಾದ ಕಥೆಯನ್ನು ಕಂಬಕಂಬವಾಗಿ ಹೇಳಿಸಿಕೊಂಡರು. ಮಾಸ್ಟ್ರು ಪೇಪರ್ ಹಿಡಿದು ಕೂತಿದ್ದರು. ಹಾಳೆ ತಿರುವುತ್ತಿರಲಿಲ್ಲ.

ಕಲ್ಯಾಣದಲ್ಲಿ ಗಾಡಿ ನಿಂತಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಾಸ್ಟ್ರು ಎದ್ದು ಬಂದು ಪಕ್ಕದಲ್ಲಿ ನಿಂತರು. ಪ್ಲಾಟ್‌ಫಾರ್ಮಿನ ಕಡೆ ನೋಡುತ್ತಲೇ ಕೇಳಿದರು:

"ಊಟ ಆಯ್ತು ಅಂದಿದ್ರೆ ಸಾಕಿತ್ತಲ್ಲ. ಬೇಳೆ ಸಾರು, ಎರಡು ಸಲ ಮೊಸರು ಅಂತೆಲ್ಲ ಯಾಕೆ ಹೇಳಿದೆ?"

"ನೀವು ನಂಬಲಿ ಅಂತ ಮಾಸ್ಟ್ರೇ."

"ನಂಬಿದೆ" ಎಂದರು.

ಗಾಡಿ ಹೊರಟಿತು. ಠಾಣಾ ದಾಟುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು. ಕ್ಷಮಿಸಿ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಓರ್ಛಾದ ಬೀದಿಯಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೇನೆ ಎಂಬುದು ನನಗೆ ಖಾತ್ರಿಯಿರಲಿಲ್ಲ. ಹಾಗಾಗಿ ಸುಮ್ಮನಿದ್ದೆ. ದಾದರಿನಲ್ಲಿ ಇಳಿಯುವಾಗ ಅವರ ಹಾಸಿಗೆಯ ಹೋಲ್ಡಾಲನ್ನು ಎತ್ತಿಕೊಳ್ಳಲು ಕೈ ಹಾಕಿದೆ. ಮಾಸ್ಟ್ರು ಬೇಡ ಎನ್ನಲಿಲ್ಲ. ಅಮ್ಮನ ತೋಳು ಹಿಡಿದು ಮುಂದೆ ನಡೆದರು. ನಾನು ಹಿಂದೆ ಹೋದೆ.